ತಮ್ಮನ ವಯಸ್ಸಿನ ಮುಖ

ಹೋದ ತಿಂಗಳು, ನಾನು ವರ್ಗವಾಗಿ ಬಿಟ್ಟು ಬಂದ ರಾಯದುರ್ಗದಿಂದ ನನಗೊಂದು ಕಾರ್ಡು ಬಂತು. ಅಲ್ಲಿ ಹೊಲಿಗೆಯವರ ಮನೆಯಲ್ಲಿ ಬಾಡಿಗೆಗಿದ್ದ, ಅಂಚೆ ಕಚೇರಿಯಲ್ಲಿ ನನಗೆ ಹಿರಿಯರಾಗಿದ್ದ ಒಬ್ಬರು ತೀರಿಕೊಂಡರೆಂದು ಆ ಮನೆಯ ಯಜಮಾನಿತಿ ಯಾರ ಕೈಯಿಂದಲೋ ಬರೆಸಿದ್ದರು. ನಾಲ್ಕೇ ದಿನದ ಜ್ವರವಂತೆ. ಯಾರಿಗೂ ತೊಂದರೆ ಕೊಡಲಿಲ್ಲವಂತೆ. ಕೊನೆಯಲ್ಲಿ, "ಐವತ್ತೊಂಬತ್ತು ಹೋಗೋ ವಯಸ್ಸೇನಲ್ರಿ" ಎಂದಿತ್ತು.

ಅವರಿಗೆ ಐವತ್ತೊಂಬತ್ತಲ್ಲ, ಅರವತ್ತೈದಾಗಿತ್ತು. ಇದನ್ನು ಬಲ್ಲವನು ಈಗ ನಾನೊಬ್ಬನೇ ಉಳಿದಿದ್ದೇನೆ. ಅವರು ಇರುವ ತನಕ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಹಾಗೇ ನಡೆದುಕೊಂಡೆ. ಕಾರ್ಡು ಓದಿದ ದಿನದಿಂದ ಅವರ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಅದರಲ್ಲೂ ಒಂದು ಮುಖವಲ್ಲ, ಎರಡು. ಬರೆದಾದರೂ ಇಳಿಸಿಕೊಳ್ಳೋಣವೆಂದು ಕುಳಿತಿದ್ದೇನೆ.

ನಾನು ಅವರನ್ನು ಮೊದಲು ನೋಡಿದ್ದು ಮಡಕಶಿರದಲ್ಲಿ, ಅಂಚೆ ಗುಮಾಸ್ತನಾಗಿ ಕೆಲಸಕ್ಕೆ ಸೇರಿದ ದಿನ. ಬೆಟ್ಟದ ಬಂಡೆ ಹಗಲೆಲ್ಲ ಕಾದು ಊರಿನ ಮೇಲೆ ಬಿಸಿ ಬಿಡುವ ತಿಂಗಳು ಅದು. ಅಲ್ಲಿನ ಬಿಸಿಲಿಗೆ ಮೂವತ್ತಕ್ಕೇ ಜನರ ಹಣೆಯಲ್ಲಿ ಗೆರೆ ಬೀಳುತ್ತಿದ್ದವು. ಇವರ ಕೆನ್ನೆ ಮಾತ್ರ ನುಣುಪಾಗಿತ್ತು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರಿರಬೇಕು ಎಂದುಕೊಂಡೆ.

ಅವರ ಕೊಡೆ ಊರಿಗೆಲ್ಲ ಗುರುತು. ಕಚೇರಿಯಿಂದ ಎದುರಿನ ಕಾಫಿ ಹೋಟೆಲಿಗೆ ಇಪ್ಪತ್ತು ಹೆಜ್ಜೆ. ಅದಕ್ಕೂ ಕೊಡೆ ಬಿಚ್ಚುತ್ತಿದ್ದರು. ನಗುವಾಗ ಎರಡು ಬೆರಳಿನಿಂದ ಬಾಯಿಯ ಎರಡು ಮೂಲೆಯನ್ನೂ ಒತ್ತಿ ಹಿಡಿದುಕೊಂಡು ನಗುತ್ತಿದ್ದರು. ಮೊದಲು ನೋಡಿದವರಿಗೆ ಹಲ್ಲುನೋವೇನೋ ಅನ್ನಿಸಬೇಕು. ಒಮ್ಮೆ ನಾನು ಯಾವುದೋ ಮಾತಿಗೆ ಗಹಗಹಿಸಿ ನಕ್ಕಾಗ, "ಮುಖವನ್ನ ಹಾಗೆ ಖರ್ಚು ಮಾಡಬಾರದಯ್ಯ" ಎಂದರು. ಬೆಳಿಗ್ಗೆ ಅವರ ಕೋಣೆಗೆ ಹೋದರೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕುದಿಸಿ, ತಲೆಯ ಮೇಲೆ ಪಂಚೆ ಮುಚ್ಚಿಕೊಂಡು ಆವಿ ಹಿಡಿಯುತ್ತಿದ್ದರು. ಆಮೇಲೆ ತಣ್ಣೀರು, ಆಮೇಲೆ ಪನ್ನೀರು ಬೆರೆಸಿದ ಗ್ಲಿಸರಿನ್ನು. ಮದುವೆಯಾಗಿರಲಿಲ್ಲ. ಹಿಂದೂಪುರದಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾರೆ, ಅದಕ್ಕೇ ಈ ಶೋಕಿ ಎಂದು ಪೋಸ್ಟ್‌ಮ್ಯಾನುಗಳು ಮಾತಾಡಿಕೊಳ್ಳುತ್ತಿದ್ದರು. ನಾನೂ ಅದನ್ನು ನಂಬಿದ್ದೆ.

ಆದರೆ ಒಂದು ಸಂಗತಿ ಆ ಮಾತಿಗೆ ಹೊಂದುತ್ತಿರಲಿಲ್ಲ. ಸಂತೆಯ ದಿನ ಅವರು ಕೌಂಟರಿನಲ್ಲಿ ಕೂರುತ್ತಿರಲಿಲ್ಲ. ಸುತ್ತಲ ಹಳ್ಳಿಯವರು ಬರುವ ದಿನ ಅದು. ನನ್ನನ್ನು ಮುಂದೆ ಕೂರಿಸಿ ತಾವು ಒಳಗೆ ಕಾಗದ ವಿಂಗಡಿಸುತ್ತಿದ್ದರು. ಒಂದು ಸಂತೆಯಲ್ಲಿ ಮುದುಕನೊಬ್ಬ ಕಾರ್ಡು ಕೊಳ್ಳಲು ಬಂದವನು ಕಂಬಿಯ ಸಂದಿನಿಂದ ಒಳಗೆ ಇಣುಕಿ, "ಒಳಗ್ ಕುಂತವ್ರಲ್ಲ, ಅವ್ರು ಯಾವೂರೋರು ಸ್ವಾಮಿ? ಎಲ್ಲೋ ನೋಡ್ದಂಗೈತೆ" ಎಂದ. ನಾನು ತಿರುಗಿ ನೋಡುವ ಹೊತ್ತಿಗೆ ಅವರ ಕುರ್ಚಿ ಖಾಲಿ. ಹಿತ್ತಲಿನ ಬೇವಿನ ಮರದ ಹಿಂದೆ, ಕೊಡೆಯೂ ಇಲ್ಲದೆ ನಿಂತಿದ್ದರು. ಮೈ ಬೆವೆತಿತ್ತು. ಆ ತಿಂಗಳೇ ವರ್ಗ ಕೇಳಿ ಅರ್ಜಿ ಹಾಕಿದರು. ರಾಯದುರ್ಗಕ್ಕೆ ಹೋದರು.

ಏಳು ವರ್ಷದ ಮೇಲೆ ನನಗೂ ರಾಯದುರ್ಗಕ್ಕೆ ವರ್ಗವಾಯಿತು. ರೈಲಿನಿಂದ ಇಳಿದಾಗ ಅವರೇ ಕೊಡೆ ಹಿಡಿದು ನಿಂತಿದ್ದರು. ಇಷ್ಟು ದಿನದಲ್ಲಿ ನನ್ನ ಕಿವಿಯ ಮೇಲಿನ ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು. ಅವರಿಗೆ ವಯಸ್ಸಾಗಿರಲಿಲ್ಲವೆಂದಲ್ಲ. ಆಗಿತ್ತು, ಆದರೆ ಸ್ವಲ್ಪವೇ. ಲೆಕ್ಕ ಹಾಕಿ ಆದಂತೆ.

ಹೊಲಿಗೆಯವರ ಮನೆಯ ಮಹಡಿಯ ಮೇಲೆ ಅವರ ಕೋಣೆ. ಕೆಳಗೆ ಯಜಮಾನಿತಿ, ಅವರ ಮೈದುನ, ಇನ್ನಿಬ್ಬರು ಕೂತು ಅಂಗಿ, ಚಡ್ಡಿ ಹೊಲಿಯುತ್ತಿದ್ದರು. ಬೆಳಗಿನಿಂದ ಸಂಜೆಯ ತನಕ ಮಿಷನ್ನಿನ ಸದ್ದು. "ಈ ಗಲಾಟೆಯಲ್ಲಿ ಹೇಗಿದ್ದೀರಿ ಸಾರ್?" ಎಂದು ಕೇಳಿದರೆ, "ಈ ಗಲಾಟೆಗೇ ಇಲ್ಲಿದ್ದೀನಿ" ಎಂದರು. ಅದರ ಅರ್ಥ ಮುಂದಿನ ತಿಂಗಳು ತಿಳಿಯಿತು.

"ನಿನ್ನ ಹೆಸರಿಗೆ ಮದರಾಸಿನಿಂದ ಒಂದು ವಿ.ಪಿ. ಪಾರ್ಸೆಲ್ಲು ಬರುತ್ತೆ. ದುಡ್ಡು ಕಟ್ಟಿ ಬಿಡಿಸಿಕೊಂಡು ತಂದುಕೊಡು. ಒಡೆಯಬೇಡ" ಎಂದರು. ಅದೇ ಕಚೇರಿಯಲ್ಲಿ ಕೂತು ತಮ್ಮ ಹೆಸರಿಗೆ ತರಿಸಿಕೊಳ್ಳಲು ಅವರಿಗೆ ಅಂಜಿಕೆ. ಪೆಟ್ಟಿಗೆ ಬಂತು. ಹೊರಗಿನ ಕಾಗದದಲ್ಲಿ ಬಿಳಿಯ ಹೆಂಗಸೊಬ್ಬಳ ಚಿತ್ರ. ಮುಖದ ಅರ್ಧ ಸುಕ್ಕು, ಅರ್ಧ ನುಣುಪು. ಪೋಸ್ಟ್‌ಮ್ಯಾನು ಅದನ್ನು ನೋಡಿ, "ಏನ್ರಿ ಇದು, ಮನಿಯಾಗ ಅಮ್ಮಾರಿಗೇನ್ರಿ?" ಎಂದು ಕೇಳಿದ. ಹೌದೆಂದೆ. ಸುದ್ದಿ ನನ್ನ ಹೆಂಡತಿಯ ಕಿವಿಗೂ ಮುಟ್ಟಿತು. ಆಗ ಆಕೆಗೆ ಇಪ್ಪತ್ತೇಳು. "ನನ್ನ ಮುಖಕ್ಕೆ ಏನಾಗಿದೆ?" ಎಂದು ಕೇಳಿ ಎರಡು ದಿನ ಮಾತು ಬಿಟ್ಟಳು.

ಪೆಟ್ಟಿಗೆಯೊಳಗೆ ಮರದ ಇನ್ನೊಂದು ಪೆಟ್ಟಿಗೆ, ಅದಕ್ಕೊಂದು ತಿರುಗಿಸುವ ಹಿಡಿ. ಒಳಗೆ ಲಾಳಾಕಾರದ ಅಯಸ್ಕಾಂತ, ತಂತಿಯ ಸುರುಳಿ. ಹೊರಗೆ ಎರಡು ತಂತಿ. ಒಂದರ ತುದಿಗೆ ಹಿತ್ತಾಳೆಯ ಕಡ್ಡಿ, ಇನ್ನೊಂದರ ತುದಿಗೆ ಉರುಳುವ ಪುಟ್ಟ ಹಿತ್ತಾಳೆಯ ಗಾಲಿ. ಹಿಡಿ ತಿರುಗಿಸಿದರೆ ಕರೆಂಟು ಹುಟ್ಟುತ್ತದೆ. ಕಡ್ಡಿಯನ್ನು ಒಂದು ಕೈಯಲ್ಲಿ ಹಿಡಿದು, ಗಾಲಿಯನ್ನು ಇನ್ನೊಂದು ಕೈಯಿಂದ ಕೆನ್ನೆಯ ಮೇಲೆ ಉರುಳಿಸಬೇಕು. ದಿನಕ್ಕೆ ಹತ್ತು ನಿಮಿಷ, ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಜೋತುಬಿದ್ದ ಚರ್ಮ ಬಿಗಿಯಾಗಿ, ಗೆರೆ ಮಾಯವಾಗುತ್ತದೆಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು.

ಅವರು ಚೀಟಿಯನ್ನು ಎರಡು ಸಲ ಓದಿ, ಮಿಷನ್ನನ್ನೂ ತಮ್ಮ ಎರಡು ಕೈಯನ್ನೂ ನೋಡಿಕೊಂಡು, "ಹಿಡಿ ತಿರುಗಿಸೋಕೆ ಮೂರನೇ ಕೈ ಬೇಕಲ್ಲಯ್ಯ" ಎಂದರು.

ಮೂರನೇ ಕೈ ನಾನಾದೆ. ವಾರಕ್ಕೆ ಮೂರು ಬೆಳಿಗ್ಗೆ, ಕಚೇರಿಗೆ ಮುಂಚೆ. ಕೆಳಗಿನ ಹೊಲಿಗೆಯ ಸದ್ದಿನಲ್ಲಿ ನಮ್ಮ ಮಿಷನ್ನಿನ ಗರಗರ ಯಾರಿಗೂ ಕೇಳುತ್ತಿರಲಿಲ್ಲ. ಮೊದಲ ದಿನ ನಾನು ಜೋರಾಗಿ ತಿರುಗಿಸಿ ಅವರ ದವಡೆ ಕಚ್ಚಿಕೊಂಡು ನಾಲಿಗೆಯಲ್ಲಿ ರಕ್ತ ಬಂತು. ಬರಬರುತ್ತ ಕೈ ಪಳಗಿತು. ಗಾಲಿ ಕಣ್ಣಿನ ಕೆಳಗೆ ಬಂದಾಗ ನಿಧಾನ, ಗಲ್ಲದ ಹತ್ತಿರ ಸ್ವಲ್ಪ ಬಿರುಸು. ಕೆನ್ನೆಯ ಮಾಂಸ ತಂತಾನೇ ಸಣ್ಣಗೆ ಅದುರುತ್ತಿತ್ತು. ಆ ಅದುರುವಿಕೆಯನ್ನು ನೋಡಿದರೆ ನನಗೆ ಒಂದು ಬಗೆಯ ಹೆದರಿಕೆ. ಒಳಗಿನಿಂದ ಬೇರೆ ಯಾರೋ ಅಲುಗಿಸಿದಂತೆ ಕಾಣುತ್ತಿತ್ತು.

ಪ್ರತಿ ಭಾನುವಾರ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನಿಂತು ಕೇಳುತ್ತಿದ್ದರು: "ಎಷ್ಟು ಅನ್ನಿಸ್ತದೆ?"

ಸಂತೋಷಪಡಲಿ ಎಂದು, "ನಲವತ್ತು ಸಾರ್" ಎಂದೆ ಒಮ್ಮೆ.

ಅವರಿಗೆ ಸಿಟ್ಟು ಬಂತು. "ನಲವತ್ತು ಬೇಡ. ಸರಿಯಾಗಿ ನೋಡಿ ಹೇಳು. ನಲವತ್ತೆಂಟು ಕಾಣಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ."

ನನಗೆ ಇದು ಅರ್ಥವಾಗಲಿಲ್ಲ. ಶೋಕಿಯ ಮನುಷ್ಯ ಇಷ್ಟೇ ಸಾಕೆಂದು ಹೇಳುತ್ತಾನೆಯೇ? ಮುಂದಿನ ವರ್ಷ ಅದು ನಲವತ್ತೊಂಬತ್ತಾಯಿತು. ಅದರ ಮುಂದಿನ ವರ್ಷ ಐವತ್ತು. ಇನ್ನೊಂದನ್ನೂ ಗಮನಿಸಿದ್ದೆ. ಕನ್ನಡಿಯ ಮುಂದೆ ಅವರು ತಮ್ಮ ಮುಖವನ್ನು 'ನನ್ನ ಮುಖ' ಎನ್ನುತ್ತಿರಲಿಲ್ಲ. "ಇವನಿಗೆ ಬಲಗಡೆ ಸ್ವಲ್ಪ ಇಳಿದಿದೆ ನೋಡು", "ಇವನು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ" ಎಂದೇ ಮಾತು.

ಅವರಿಗೆ ಐವತ್ತೆಂದು ನಾವೆಲ್ಲ ತಿಳಿದಿದ್ದ ವರ್ಷ ಸೂಪರಿಂಟೆಂಡೆಂಟರು ತನಿಖೆಗೆ ಬಂದರು. ಕೈಯಲ್ಲಿ ಒಂದು ಆಕಾಶರಾಮನ ಅರ್ಜಿ, ಹೆಸರಿಲ್ಲ, ಸಹಿಯಿಲ್ಲ. ಎಲ್ಲರ ಮುಂದೆಯೇ ಓದಿದರು. ನಿಮ್ಮ ಗುಮಾಸ್ತ ಸರ್ಟಿಫಿಕೇಟಿನಲ್ಲಿರುವ ಮನುಷ್ಯನಲ್ಲ, ಅವನ ಅಣ್ಣ. ತಮ್ಮ ಸತ್ತು ಮೂವತ್ತು ವರ್ಷವಾಯಿತು. ಇವನಿಗೆ ಈಗ ಐವತ್ತಾರು, ಹೋದ ವರ್ಷವೇ ಕೆಲಸ ಬಿಡಬೇಕಿತ್ತು, ಎಂದಿತ್ತು ಅದರಲ್ಲಿ.

ನಾನು ಸೀಲು ಹಾಕುವ ಮೇಜಿನ ಹತ್ತಿರ ನಿಂತಿದ್ದೆ. ಒಂದೇ ಕಾರ್ಡಿಗೆ ಎರಡು ಸಲ ಸೀಲು ಒತ್ತಿದೆ.

ಸೂಪರಿಂಟೆಂಡೆಂಟರು ಮೊದಲೇ ಅವರ ಹಳ್ಳಿಯಿಂದ ಮರಣದ ರಿಜಿಸ್ಟರಿನ ನಕಲು ತರಿಸಿದ್ದರು. ಅದರಲ್ಲಿ ಪ್ಲೇಗಿನಿಂದ ಸತ್ತವನೆಂದು ಅಣ್ಣನ ಹೆಸರೇ ಇತ್ತು. "ನಿನ್ನ ಅಣ್ಣ ಸತ್ತದ್ದು ನಿಜವೋ?" ಎಂದು ಕೇಳಿದರು.

"ನಿಜ. ಸತ್ತುಹೋದ" ಎಂದರು ಇವರು.

"ಇಲ್ಲಿ ಬಾ" ಎಂದು ಸೂಪರಿಂಟೆಂಡೆಂಟರು ಅವರನ್ನು ಕಿಟಕಿಯ ಹತ್ತಿರ ಕರೆದು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಒಂದು ಅಡಿ ದೂರದಿಂದ ಅವರ ಹಣೆ, ಕಣ್ಣಿನ ಕೆಳಗೆ, ಕುತ್ತಿಗೆ ಎಲ್ಲ ನೋಡಿದರು. ಸೂಪರಿಂಟೆಂಡೆಂಟರಿಗೇ ಐವತ್ತೆರಡೋ ಐವತ್ತಮೂರೋ. ಕಣ್ಣಿನ ಕೆಳಗೆ ಚೀಲ ಜೋತುಬಿದ್ದಿತ್ತು. ಕೊನೆಗೆ, "ಇವನಿಗೆ ಐವತ್ತಾರು ಅಂತ ಬರೆದವನಿಗೆ ಕಣ್ಣಿಲ್ಲ" ಎಂದು ನಕ್ಕು, ಅರ್ಜಿಯನ್ನು ಮಡಿಸಿ ಫೈಲಿಗೆ ಹಾಕಿದರು. ಅದನ್ನು ಯಾರು ಬರೆದರೆಂಬುದು ಕೊನೆಗೂ ತಿಳಿಯಲಿಲ್ಲ.

ಸಂಜೆ ಅವರ ಕೋಣೆಗೆ ಹೋದೆ. ಗೋಡೆಗೆ ಒರಗಿ ಕುಳಿತಿದ್ದರು. ಅವರೇ ಹೇಳಿದರು. "ಇವತ್ತು ಎಲ್ಲರ ಎದುರಿಗೆ ನನ್ನ ಬಾಯಿಂದಲೇ ನಾನು ಸತ್ತೆ ಅಂತ ಹೇಳಿದೆ. ಇಷ್ಟು ವರ್ಷದಲ್ಲಿ ಅದೊಂದನ್ನ ನಾನೇ ಹೇಳಿರಲಿಲ್ಲ ಕಣಯ್ಯ."

ಅವರದು ಮಡಕಶಿರದ ಕಡೆಯ ಒಂದು ಹಳ್ಳಿ. ಅಪ್ಪ ಇಲ್ಲ, ಅವ್ವ, ಇಬ್ಬರು ಗಂಡುಮಕ್ಕಳು. ಇವರು ದೊಡ್ಡವರು. ಓದಿದರು, ಆದರೆ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಊರಿಗೆ ಮರಳಿ ಹೊಲದ ಕೆಲಸಕ್ಕೆ ನಿಂತರು. ಆರು ವರ್ಷಕ್ಕೆ ಚಿಕ್ಕವನಾದ ತಮ್ಮ ಮೊದಲ ಸಲಕ್ಕೇ ಪಾಸಾದ. ಅಂಚೆ ಇಲಾಖೆಯಲ್ಲಿ ಅವನಿಗೆ ಕೆಲಸವಾಗಿದೆಯೆಂದು ಕಾಗದ ಬಂದ ವಾರದಲ್ಲೇ ಊರಿನಲ್ಲಿ ಇಲಿ ಬಿದ್ದವು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಒಂದೇ ಗುಡಿಸಲಿನಲ್ಲಿ ಅಣ್ಣ ತಮ್ಮ ಇಬ್ಬರಿಗೂ ಜ್ವರ ಬಂತು, ಗಂಟು ಬಂತು. ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಸತ್ತವರ ಹೆಸರು ಬರೆದುಕೊಳ್ಳಲು ಬಂದ ಶಾನುಭೋಗ ದೂರದ ಬದುವಿನ ಮೇಲೆ ನಿಂತು, "ಯಾರು ಹೋದದ್ದು?" ಎಂದು ಕೂಗಿದ. ಅವ್ವ ಗುಡಿಸಲಿನ ಬಾಗಿಲಿಗೆ ಬಂದು, "ದೊಡ್ಡೋನು" ಎಂದು ಕೂಗಿ ಹೇಳಿದಳು.

"ಹೋದೋನು ಚಿಕ್ಕೋನು. ನಾನು ಒಳಗೆ ಮಲಗಿದ್ದೆ. ಜ್ವರ ಬಿಟ್ಟು ಎದ್ದು ಕೂರೋ ಹೊತ್ತಿಗೆ ನಾನು ಸತ್ತು ಒಂಬತ್ತು ದಿನವಾಗಿತ್ತು. ಅವ್ವ ಸರ್ಟಿಫಿಕೇಟು, ಕೆಲಸದ ಕಾಗದ ಎರಡನ್ನೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಜನ ಊರಿಗೆ ವಾಪಸು ಬರೋದಕ್ಕೆ ಮುಂಚೆ ನನ್ನ ಕಳಿಸಿಬಿಟ್ಟಳು. ತಾನು ಆ ಊರು ಬಿಟ್ಟು ತವರಿಗೆ ಹೋದಳು."

"ಕೆಲಸ ಹೋಗಬಾರದು ಅಂತ ಹಾಗೆ ಹೇಳಿದರೇನೋ" ಎಂದೆ.

"ಇರಬಹುದು. ನಾನೂ ಉಳಿಯೋದಿಲ್ಲ ಅಂದುಕೊಂಡಳೋ ಏನೋ. ಇಲ್ಲಾಂದ್ರೆ, ಇಬ್ಬರಲ್ಲಿ ಒಬ್ಬನನ್ನ ಉಳಿಸ್ಕೋ ಅಂತ ದೇವರೇ ಕೇಳಿದ ಹಾಗಾದಾಗ ಬಾಯಿಗೆ ತಾನಾಗಿ ಬಂದದ್ದು ಅದೇನೋ. ಒಂದು ಸಲ ಕೇಳಿದೆ. ರಾಗಿ ಕೇರ್ತಾ ಇದ್ದಳು, ಕೇರ್ತಾನೇ ಇದ್ದಳು. ಅವತ್ತಿನಿಂದ ಈವತ್ತಿನವರೆಗೆ ನನ್ನ ಹೆಸರು ಹಿಡಿದು ಕರೆದಿಲ್ಲ. ಇಬ್ಬರೇ ಇದ್ದಾಗಲೂ ಇಲ್ಲ. ಬಾಯಿ ತಪ್ಪೀತು ಅಂತ ಭಯ ಅವಳಿಗೆ."

ಮದುವೆಯ ಮಾತೂ ಅವತ್ತು ಬಂತು. "ಯಾರ ಹೆಸರಲ್ಲಿ ತಾಳಿ ಕಟ್ಟಲಿ?" ಎಂದರು, ಅಷ್ಟೇ.

ಆಮೇಲೂ ನಾನು ಹಿಡಿ ತಿರುಗಿಸಿದೆ, ಇನ್ನೂ ಐದು ವರ್ಷ. ಮೊದಲು ಅದೊಂದು ಹಿರಿಯರ ಹುಚ್ಚು ಎಂದುಕೊಂಡು ತಿರುಗಿಸುತ್ತಿದ್ದವನಿಗೆ ಈಗ ಕೋಣೆಯಲ್ಲಿ ಮೂರು ಜನರಿದ್ದಾರೆ ಅನ್ನಿಸುತ್ತಿತ್ತು. ಹತ್ತೊಂಬತ್ತಕ್ಕೆ ಸತ್ತ ಹುಡುಗನನ್ನು ನಾವಿಬ್ಬರೂ ಸೇರಿ ವರ್ಷ ವರ್ಷವೂ ಒಂದೊಂದೇ ವಯಸ್ಸು ಕೊಟ್ಟು ಬೆಳೆಸುತ್ತಿದ್ದೆವು. ಮಿಷನ್ನಿನಿಂದ ನಿಜಕ್ಕೂ ಗುಣವಿತ್ತೋ, ಬಿಸಿಲಿಗೆ ಬೀಳದೆ ಇದ್ದುದರಿಂದಲೋ, ಆವಿಯಿಂದಲೋ, ಗ್ಲಿಸರಿನ್ನಿನಿಂದಲೋ ನಾನು ಹೇಳಲಾರೆ. ಮುಟ್ಟಿದರೆ ಅವರ ಕೆನ್ನೆ ನನ್ನ ಕೆನ್ನೆಗಿಂತ ಮೃದುವಾಗಿತ್ತು, ಅದಂತೂ ನಿಜ. ನಾನು ಅವರಿಗಿಂತ ಇಪ್ಪತ್ತೆರಡು ವರ್ಷಕ್ಕೆ ಚಿಕ್ಕವನು.

ರಿಜಿಸ್ಟರಿನ ಪ್ರಕಾರ ಐವತ್ತೈದು ತುಂಬಿದ ದಿನ ನಿವೃತ್ತಿಯಾಯಿತು. ನಾವು ಹಾರ ಹಾಕಿದೆವು. ನಿಮ್ಮ ಮುಖ ನೋಡಿದರೆ ಇನ್ನೂ ಹತ್ತು ವರ್ಷ ದುಡಿಯಬಹುದೆಂದು ಪೋಸ್ಟ್‌ಮಾಸ್ಟರು ಭಾಷಣ ಮಾಡಿದರು. ಪೆನ್ಷನ್ನಿನ ಕಾಗದ ಬಂದ ಮೇಲೆ ಅವರು ನನ್ನ ಹತ್ತಿರ ಬಂದು, "ಎರಡು ದಿನ ರಜ ಹಾಕು. ಅವ್ವನ ಊರಿಗೆ ಹೋಗಿ ಬರೋಣ" ಎಂದರು. ಎರಡು ವರ್ಷದಿಂದ ಅವರು ಅಲ್ಲಿಗೆ ಹೋಗಿರಲಿಲ್ಲ. ಅಷ್ಟರಲ್ಲಿ ಆಕೆಗೆ ಕಣ್ಣು ಪೂರಾ ಹೋಗಿತ್ತು. ಮಾತೂ ಆಗಾಗ ಹಿಂದುಮುಂದಾಗುತ್ತದೆಂದು ಕಾಗದ ಬಂದಿತ್ತು.

ಆ ಯುದ್ಧದ ಕಾಲದ ಇದ್ದಿಲಿನ ಬಸ್ಸಿನಲ್ಲಿ ಮಡಕಶಿರದವರೆಗೆ ಹೋಗಿ, ಅಲ್ಲಿಂದ ನಡೆದೆವು. ದಾರಿಯಲ್ಲಿ ಅವರು ಒಂದೇ ಮಾತು ಆಡಿದ್ದು: "ಇನ್ನು ಯಾರಿಗೂ ಹೆದರಬೇಕಾಗಿಲ್ಲ. ಒಂದೇ ಒಂದು ಸಲ ಕರೆದರೆ ಸಾಕು."

ಆಕೆ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಎಂಬತ್ತು ದಾಟಿದ, ಒಂದು ಹಿಡಿಯಷ್ಟಾಗಿದ್ದ ಮುದುಕಿ. ಇವರು ಹತ್ತಿರ ಕೂತು, "ಅವ್ವಾ, ಬಂದೆ" ಎಂದರು.

"ಯಾರಪ್ಪಾ?" ಆಕೆ ಕೈ ಚಾಚಿದರು. ಕೈ ಇವರ ಕೆನ್ನೆಗೆ ತಗುಲಿತು. ಮುಖ ಅರಳಿತು. "ಚಿಕ್ಕೋನಾ! ಬಂದ್ಯಾ ಮಗಾ?"

"ಕೆಲ್ಸ ಮುಗೀತವ್ವಾ. ಇನ್ಮೇಲೆ ಕೇಳೋರಿಲ್ಲ. ಇಲ್ಲಿ ಬ್ಯಾರೆ ಯಾರೂ ಇಲ್ಲ, ಇವ್ನು ನಮ್ಮೋನೇ. ಒಂದ್ಸಲ ನನ್ನ ಹೆಸ್ರು ಹಿಡ್ದು ಕರಿಯವ್ವಾ."

ಆಕೆ ಪ್ರೀತಿಯಿಂದ ತಮ್ಮನ ಹೆಸರು ಹಿಡಿದು ಕರೆದರು.

"ಅದಲ್ಲವ್ವಾ. ಅದು ಅವನ್ದು. ನಾನು ದೊಡ್ಡೋನು."

ಆಕೆಯ ಕೈಯಲ್ಲಿದ್ದ ಕಾಯಿ ಒಡೆಯದೆ ಹಾಗೇ ಉಳಿಯಿತು. "ಹಂಗೆಲ್ಲ ಅನ್ಬ್ಯಾಡ ಕಣೋ. ದೊಡ್ಡೋನು ಹೋಗಿ ಎಷ್ಟು ಕಾಲಾತು. ನಾನೇ ಕೂಗಿ ಹೇಳಿದ್ನಲ್ಲ ಶಾನುಬೋಗ್ರಿಗೆ. ಹಂಗನ್ನೋವಾಗ ಅವನ್ಗೆ ಇನ್ನೂ ಉಸ್ರು ಆಡ್ತಿತ್ತು. ಉಸ್ರಾಡೋ ಮಗನ್ನ ಸತ್ತ ಅಂದೆ. ಹೋಗೇಬುಟ್ಟ. ದಿನಾ ಕನಸ್ನಾಗ್ ಬತ್ತಾನೆ, ಹೆಸ್ರು ಹಿಡ್ದು ಕರಿ ಅಂತಾನೆ, ನಂಗ್ ಬಾಯಿ ಬರಾಕಿಲ್ಲ."

"ಸತ್ತಿಲ್ಲವ್ವಾ. ಇಲ್ಲೇ ಅವ್ನೆ. ಮುಟ್ಟಿ ನೋಡು."

ಆಕೆ ಎರಡು ಕೈಯಿಂದಲೂ ಮುಟ್ಟಿ ನೋಡಿದರು. ಹಣೆ, ಕಣ್ಣಿನ ಕೆಳಗೆ, ಬಾಯಿಯ ಮೂಲೆ, ಗಲ್ಲ. ಯಾವ ಯಾವ ಜಾಗಕ್ಕೆ ಗಾಲಿ ಬರುವಾಗ ನಾನು ನಿಧಾನ ಮಾಡಿದ್ದೆನೋ ಅಲ್ಲೆಲ್ಲ ಆ ಬೆರಳು ಓಡಾಡಿದವು.

"ಸುಳ್ಳು" ಎಂದರು ಆಕೆ. "ಅವ್ನು ಇದ್ದಿದ್ರೆ ಈಗ ಅರವತ್ತು ದಾಟಿರೋನು. ಹೊಲ್ದಾಗೆ ಬೆಂದ ಮೈ ಅವನ್ದು. ಇದು ಅರವತ್ತು ದಾಟ್ದೋನ ಕೆನ್ನೆಯಾ? ಕಣ್ಣಿಲ್ಲದ ಮುದ್ಕಿ ಅಂತ ಆಡುಸ್ತೀಯಾ?" ಎಂದು, ದೊಡ್ಡ ಮಗನನ್ನು ನೆನೆದು ಅಳತೊಡಗಿದರು. ಇವರು ತಮ್ಮ ಪಂಚೆಯ ಅಂಚಿನಿಂದ ಆ ಕಣ್ಣೀರು ಒರೆಸುತ್ತ ಕೂತರು.

ವಾಪಸು ಬರುವಾಗ ಬಸ್ಸಿನಲ್ಲಿ, "ನೋಡಿದೆಯಾ, ನನಗಾಗಿ ಅಳ್ತಾ ಇದ್ದಳು. ಇಷ್ಟು ವರ್ಷವೂ ಅತ್ತಿದ್ದಾಳೆ" ಎಂದರು. ಆಮೇಲೆ, "ಈ ಮುಖಕ್ಕೆ ವಯಸ್ಸು ಬರೋಕೆ ಎಷ್ಟು ದಿನ ಬೇಕಾಗಬಹುದಯ್ಯ?" ಎಂದು ಕೇಳಿದರು.

ಮಾರನೆಯ ದಿನ ಮಿಷನ್ನನ್ನು ಯಜಮಾನಿತಿಯ ಮೈದುನನಿಗೆ ಕೊಟ್ಟರು. ಅವನು ಅದನ್ನು ಬಿಚ್ಚಿ ಹಿತ್ತಾಳೆ ಒಂದು ಕಡೆ, ತಂತಿ ಒಂದು ಕಡೆ ಮಾಡಿದ. ಅಲ್ಲಿಂದ ಮುಂದೆ ಅವರು ದಿನಾ ರಾಯದುರ್ಗದ ಬೆಟ್ಟದ ಬುಡಕ್ಕೆ ಹೋಗಿ ಬರಿ ತಲೆಯಲ್ಲಿ ಬಂಡೆಯ ಮೇಲೆ ಕೂರುತ್ತಿದ್ದರು, ನೆತ್ತಿಯ ಮೇಲೆ ಸೂರ್ಯ ಬರುವ ತನಕ. ಯಜಮಾನಿತಿ ನನ್ನನ್ನು ಕರೆಸಿ, "ಇಷ್ಟ ದಿನ ಕೊಡಿ ಬಿಟ್ಟು ಹೊರಗ ಬರದವರು ಈಗ ಬಿಸಿಲಾಗ ಯಾಕ ಕುಂದರ್ತಾರ್ರಿ? ತಲಿ ಗಿಲಿ ಕೆಟ್ಟೈತೇನ್ರಿ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಪೆನ್ಷನ್ ಬಂದವರು, ಬೇಸರ ಇರುತ್ತದೆ ಎಂದೆ.

ಭಾನುವಾರ ಮಾತ್ರ ತಪ್ಪದೆ ನನ್ನ ಮನೆಗೆ ಬರುತ್ತಿದ್ದರು. ಬೆಳಕಿಗೆ ಮುಖ ಕೊಟ್ಟು ನಿಂತು, "ಬಂದಿದೆಯಾ?" ಎಂದು ಕೇಳುತ್ತಿದ್ದರು. ಮೊದಲ ತಿಂಗಳು ನಾನು ಸುಳ್ಳು ಹೇಳಿದೆ, ಬಂದಿದೆ ಎಂದೆ. ಆಮೇಲೆ ಸುಳ್ಳು ಬೇಕಾಗಲಿಲ್ಲ. ಚರ್ಮ ಕಪ್ಪಾಯಿತು, ಒಣಗಿತು. ಕಣ್ಣಿನ ಸುತ್ತ ಗೆರೆ ಎದ್ದವು. ಮೂಗಿನ ಪಕ್ಕದಿಂದ ಗಲ್ಲದವರೆಗೆ ಎರಡು ಮಡಿಕೆ ಇಳಿದವು. ಬೇಸಿಗೆ ಮುಗಿಯುವುದರೊಳಗೆ ನನಗೆ ಗೊತ್ತಿದ್ದ ಆ ಮುಖ ಹೋಗಿ ಅದರ ಜಾಗದಲ್ಲಿ ಬೇರೆ ಯಾರೋ ಮುದುಕರು ನಿಂತಿದ್ದರು. ಆ ಮುದುಕರನ್ನು ನಾನು ಎಂದೂ ನೋಡಿರಲಿಲ್ಲ. ದಾರಿಯಲ್ಲಿ ಎದುರಾದ ಪೋಸ್ಟ್‌ಮ್ಯಾನು ಗುರುತು ಹಿಡಿಯದೆ ಮುಂದೆ ಹೋದಾಗ ಅವರು ಬೆರಳು ಅಡ್ಡ ಹಿಡಿಯದೆ, ಬಾಯಿ ತುಂಬ ನಕ್ಕರು. ಆ ನಗುವಿನಲ್ಲಿ ಸಂತೋಷವಿತ್ತು. ತಮ್ಮನ ಸಾವು ನಿಜಕ್ಕೂ ಆಗಿದ್ದು ಆ ಬೇಸಿಗೆಯಲ್ಲಿ ಎಂದು ಈಗಲೂ ಅನ್ನಿಸುತ್ತದೆ.

ಎರಡನೆಯ ಸಲ ಅವ್ವನ ಊರಿಗೆ ಅವರೊಬ್ಬರೇ ಹೋದರು. ಹೋದವರು ಹದಿನೈದು ದಿನ ಬರಲಿಲ್ಲ. ಬಂದಾಗ ತಲೆ ಬೋಳಿಸಿಕೊಂಡಿದ್ದರು. ಅವ್ವ ಹೋದಳೆಂದರು. ನಾನು ಚಾಪೆ ಹಾಸಿದೆ, ನೀರು ಕೊಟ್ಟೆ. ಕುಡಿದು, ಕೇಳದಿದ್ದರೂ ಹೇಳತೊಡಗಿದರು.

ಅವರು ಹೋಗಿ ಜಗಲಿಯ ಮೇಲೆ ಕೂತು ಮಾತಾಡದೆ ಅವ್ವನ ಕೈಯನ್ನು ತೆಗೆದು ಕೆನ್ನೆಯ ಮೇಲೆ ಇಟ್ಟುಕೊಂಡರಂತೆ. ಬೆರಳು ಕೆನ್ನೆಯ ಮೇಲೆ, ಹಣೆಯ ಮೇಲೆ ಬಹಳ ಹೊತ್ತು ಓಡಾಡಿದವಂತೆ. ಆಮೇಲೆ ಆಕೆ ಅವರ ಹೆಸರು ಹಿಡಿದು ಕರೆದರಂತೆ. ಅವರ ಸ್ವಂತ ಹೆಸರು.

ಇವರು ಓಗೊಟ್ಟರು.

"ಕರ್ಕಂಡ್ ಹೋಗಾಕ್ ಬಂದ್ಯೇನೋ?" ಎಂದು ಕೇಳಿದರಂತೆ ಆಕೆ, ಹೆದರಿಕೆಯಿಲ್ಲದೆ.

"ಇಲ್ಲವ್ವಾ. ನಿನ್ನ ನೋಡ್ಕಂಡ್ ಹೋಗಾನ ಅಂತ ಬಂದೆ."

"ಅಲ್ಲಿ ನಿಂಗೆ ಹೊಟ್ಟೆಗ್ ಯಾರ್ ಹಾಕ್ತಾರೋ?"

"ಯಾರೂ ಇಲ್ಲವ್ವಾ."

ಆಕೆ ಒಳಗಿನವರನ್ನು ಕೂಗಿ ಮುದ್ದೆ, ಹುರುಳಿ ಸಾರು ತರಿಸಿದರು. ಕಣ್ಣು ಕಾಣದ ಕೈಯಲ್ಲೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಇನ್ನೊಂದು ಕೈಯಿಂದ ಮಗನ ಬಾಯಿ ಎಲ್ಲಿದೆಯೆಂದು ತಡವಿಕೊಂಡು ಉಣ್ಣಿಸತೊಡಗಿದರಂತೆ. ಇಷ್ಟು ವರ್ಷ ಉಪವಾಸ ಇಟ್ಟೆ ಕಣಪ್ಪಾ ನಿನ್ನ, ಎನ್ನುತ್ತ ಒಂದೊಂದೇ ತುತ್ತು.

"ಆಗಲಾದರೂ ಹೇಳಬೇಕಿತ್ತು ಸಾರ್" ಎಂದೆ ನಾನು, ತಡೆಯಲಾರದೆ. "ಸತ್ತಿಲ್ಲ, ಬದುಕಿದ್ದೀನಿ ಅಂತ ಯಾಕೆ ಹೇಳಲಿಲ್ಲ?"

ಅವರು ನನ್ನನ್ನು ನೋಡಿದರು.

"ಬಾಯಿ ತುಂಬ ತುತ್ತಿತ್ತಲ್ಲಯ್ಯ" ಎಂದರು.